ಕೆಂಪು ತಟ್ಟೆಯ ಟೈಮರ್: ಒಂದು ವರ್ಷ ಬಳಸಿದ ಮೇಲೆ

ಮೊದ್ಲು ಸ್ಟಾರ್ ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನ ಹುಡುಕ್ಕೊಂಡು ಬಂದಿರೋರಲ್ಲಿ ಅರ್ಧ ಜನಕ್ಕೆ ನನ್ನ ಥರಾನೇ ಕೊನೇವರೆಗೂ ಓದೋ ತಾಳ್ಮೆ ಇರಲ್ಲ. ವಸ್ತುವಿಗೆ 5ಕ್ಕೆ 3. ಅದರ ಹಿಂದಿರೋ ಐಡಿಯಾಗೆ 5ಕ್ಕೆ 5. ಮಾರಿದೋರಿಗೆ 1, ಅದೂ ಪಾರ್ಸೆಲ್ ಒಡೀದೆ ಕೊಡಗಿನ ನಮ್ಮ ಸುಂಟಿಕೊಪ್ಪ ಮುಟ್ತಲ್ಲ ಅಂತ.

ವಸ್ತು ಏನಪ್ಪಾ ಅಂದ್ರೆ ಒಂದು ವಿಶುವಲ್ ಟೈಮರ್, ಅಂದ್ರೆ ಹೊತ್ತು ಕಣ್ಣಿಗೆ ಕಾಣೋ ಥರದ್ದು. ಅಂಗೈಗಿಂತ ಚೂರು ದೊಡ್ಡ ಚೌಕ ಡಬ್ಬಿ, ಮುಂದ್ಗಡೆ ಗಡಿಯಾರದ ಥರ ಮುಖ, ಸುತ್ತ 0ಯಿಂದ 60ರವರೆಗೆ ನಂಬರು. ಮಧ್ಯದ ತಿರುಗಣೆ ಹಿಡ್ಕೊಂಡು ತಿರುಗಿಸಿದ್ರೆ ಎಷ್ಟು ನಿಮಿಷಕ್ಕೆ ಇಡ್ತೀರೋ ಅಷ್ಟು ಅಗಲಕ್ಕೆ ಕೆಂಪು ಹೋಳು ಕಾಣ್ಸುತ್ತೆ, ಆಮೇಲೆ ನಿಮಿಷ ಕಳೀತಾ ಕಳೀತಾ ಆ ಕೆಂಪು ಸಣ್ಣ ಆಗ್ತಾ ಬರುತ್ತೆ, ಕಲ್ಲಂಗಡಿ ಹೋಳನ್ನ ಯಾರೋ ಒಂದ್ಕಡೆಯಿಂದ ಕಚ್ಚಿ ಕಚ್ಚಿ ತಿಂತಿದ್ದಾರೇನೋ ಅನ್ನೋ ಹಾಗೆ. ಪೂರ್ತಿ ಮುಗಿದಾಗ ಒಂದು ಬೀಪ್. ಇಷ್ಟೇ. ಬ್ಲೂಟೂತ್ ಇಲ್ಲ, ಆ್ಯಪ್ ಇಲ್ಲ, ಒಂದು ಸೆಲ್ ಹಾಕಿದ್ರೆ ಆಯ್ತು. ಇದರ ಮೂಲ ಟೈಮ್ ಟೈಮರ್ ಅನ್ನೋ ಅಮೆರಿಕದ ಕಂಪ್ನಿದು, ಜ್ಯಾನ್ ರೋಜರ್ಸ್ ಅನ್ನೋ ತಾಯಿ 1994ರಲ್ಲಿ ತನ್ನ ನಾಲ್ಕು ವರ್ಷದ ಮಗಳು ಇನ್ನೂ ಎಷ್ಟು ಹೊತ್ತು ಇನ್ನೂ ಎಷ್ಟು ಹೊತ್ತು ಅಂತ ಪ್ರಾಣ ತಿಂತಿದ್ಳು ಅಂತ ಮಾಡಿದ್ದು. ಅದರ ರೇಟ್ ನಮಗೆ ಎಟುಕಲ್ಲ, ಹಾಗಾಗಿ ನಾನು ತಗೊಂಡಿದ್ದು ಅದರ ಹೆಸರಿಲ್ಲದ ತಮ್ಮನ್ನ, 849 ರೂಪಾಯಿ.

ನನ್ನ ಬಗ್ಗೆ ಎರಡು ಮಾತು, ಇಲ್ದಿದ್ರೆ ಈ ರಿವ್ಯೂ ಅರ್ಥ ಆಗಲ್ಲ. ನಂಗೆ 39. ಅರಕಲಗೂಡು ಕಡೆಯವಳು, ಮದುವೆಯಾಗಿ ಸುಂಟಿಕೊಪ್ಪಕ್ಕೆ ಬಂದೆ. ಸಣ್ಣ ತೋಟ, ಜಾಸ್ತಿ ರೋಬಸ್ಟಾ, ಮನೆ ಪಕ್ಕದಲ್ಲಿ ಎರಡು ರೂಮಿನ ಹೋಮ್‌ಸ್ಟೇ, ಅದರ ಬುಕ್ಕಿಂಗು ಅಡುಗೆ ಲೆಕ್ಕ ಎಲ್ಲ ನನ್ನ ತಲೆ ಮೇಲೆ. ಮಗನಿಗೆ 9 ವರ್ಷ. ಎರಡು ವರ್ಷದ ಹಿಂದೆ ಅವನಿಗೆ ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ಲದ, ಚಡಪಡಿಸೋ ತೊಂದ್ರೆ) ಅಂತ ಮೈಸೂರಲ್ಲಿ ಹೇಳಿದ್ರು. ಅವತ್ತು ಡಾಕ್ಟರ್ ಮಗನ ಬಗ್ಗೆ ಒಂದೊಂದೇ ಕೇಳ್ತಾ ಹೋದ್ರು, ವಸ್ತು ಕಳ್ಕೊಳ್ತಾನಾ, ಶುರು ಮಾಡಿದ್ದು ಅರ್ಧಕ್ಕೆ ಬಿಡ್ತಾನಾ, ಮಾತಾಡ್ತಿರುವಾಗ ಕಿವಿಗೇ ಬೀಳದ ಹಾಗೆ ಇರ್ತಾನಾ, ಇನ್ನೊಬ್ರ ಮಾತು ಮುಗಿಯೋಕೆ ಮುಂಚೆ ನುಗ್ತಾನಾ. ಪ್ರತಿ ಪ್ರಶ್ನೆಗೂ ನಮ್ಮ ಯಜಮಾನ್ರು ಮಗನ್ನ ನೋಡೋದು ಬಿಟ್ಟು ನನ್ನ ಮುಖ ನೋಡ್ತಿದ್ರು. ಕಾರಿಗೆ ಬಂದು ಕೂತಾಗ "ನಿಂಗೂ ಒಂದು ಚೀಟಿ ಮಾಡಿಸ್ಬೇಕಿತ್ತೇನೋ ಮಾರಾಯ್ತಿ" ಅಂದ್ರು, ತಮಾಷೆಗೆ. ಎಂಟು ತಿಂಗಳಾದ ಮೇಲೆ ನಂಗೂ ಚೀಟಿ ಆಯ್ತು.

ಇದು ನಮ್ಮನೆ ಕಥೆ ಮಾತ್ರ ಅಲ್ಲ, ಮಕ್ಕಳನ್ನ ತೋರಿಸೋಕೆ ಹೋಗಿ ತಾವೇ ಸಿಕ್ಕಿಹಾಕಿಕೊಳ್ಳೋ ಅಪ್ಪ ಅಮ್ಮಂದಿರು ಬೇಕಾದಷ್ಟು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2019ರಲ್ಲಿ ಫ್ಯಾರೋನ್, ಲಾರ್ಸನ್ ಅನ್ನೋರು ಬರೆದ ಲೆಕ್ಕದಲ್ಲಿ ಎಡಿಎಚ್‌ಡಿಯ ಅನುವಂಶೀಯತೆ ಸುಮಾರು 74%. ಇದನ್ನ ನೂರಕ್ಕೆ ಎಪ್ಪತ್ನಾಲ್ಕು ಮಕ್ಕಳಿಗೆ ಬರುತ್ತೆ ಅಂತ ಓದ್ಕೋಬೇಡಿ, ನಾನೂ ಮೊದ್ಲು ಹಾಗೇ ಓದಿ ಒಂದು ರಾತ್ರಿ ಅತ್ತಿದ್ದೀನಿ. ಜನರ ಮಧ್ಯೆ ಈ ವಿಷಯದಲ್ಲಿ ಕಾಣೋ ಹೆಚ್ಚು ಕಮ್ಮೀಲಿ ಅಷ್ಟು ಪಾಲು ಜೀನ್‌ಗಳದ್ದು ಅಂತ ಅರ್ಥ. ಎತ್ತರದ ಹಾಗೆ. ಒಂದೇ ಜೀನ್ ಅಂತ ಇಲ್ಲ, 2023ರ ದೊಡ್ಡ ಅಧ್ಯಯನದಲ್ಲಿ ಜೀನೋಮಿನ 27 ಕಡೆ ಸಂಬಂಧ ಸಿಕ್ಕಿದೆ, ಒಂದೊಂದರ ಪಾಲೂ ಚಿಟಿಕೆಯಷ್ಟು.

ಸರಿ ಟೈಮರ್‌ಗೆ ಬರ್ತೀನಿ. ನಂಗೆ ಹೊತ್ತು ಎರಡೇ ಥರ, ಈಗ, ಮತ್ತೆ ಈಗಲ್ಲ. ಒಂದು ಗಂಟೆಗೆ ಬೆಂಗಳೂರಿನ ಗೆಸ್ಟ್ ಬರ್ತಾರೆ ಅಂದ್ರೆ ಹನ್ನೊಂದು ಗಂಟೆಗೆ ಅದು ಈಗಲ್ಲ, ಹಾಗಾಗಿ ಬೆಡ್‌ಶೀಟ್ ತೆಗೆಯೋಕೆ ಅಂತ ಕಪಾಟು ತೆಗ್ದು, ಅದರಲ್ಲಿ ಹಳೇ ಫೋಟೋ ಆಲ್ಬಮ್ ಕಂಡು, ಅದರ ಜೊತೆ ಮಗ ಹುಟ್ಟಿದಾಗಿನ ಸ್ವೆಟರ್ ಕಂಡು, ಸ್ವೆಟರ್‌ಗೆ ಬೂಷ್ಟು ಹಿಡಿದಿದೆ ಅಂತ ಒಗೆಯೋಕೆ ಹೋಗಿ, ಒಗೆಯೋ ಕಲ್ಲಿನ ಹತ್ರ ಕಾಳುಮೆಣಸಿನ ಬಳ್ಳಿ ಬಾಡಿದ್ದು ಕಂಡು... ಗೇಟ್ ಹತ್ರ ಹಾರ್ನ್ ಕೇಳ್ಸಿದಾಗ ರೂಮಿನ ಮಂಚದ ಮೇಲೆ ಬರೀ ಹಾಸಿಗೆ, ಒಲೆ ಮೇಲೆ ಹಾಲು ಉಕ್ಕಿ ತಳ ಹಿಡಿದು ಮನೆ ತುಂಬ ವಾಸ್ನೆ. ಅವ್ರು ಒಳ್ಳೆ ಜನ, ಏನೂ ಅನ್ಲಿಲ್ಲ, ಹೋದ ಮೇಲೆ ಆನ್‌ಲೈನಲ್ಲಿ ಎರಡು ಸ್ಟಾರ್ ಕೊಟ್ರು ಅಷ್ಟೇ. ನಾನು ಇಲ್ಲಿ ಸ್ಟಾರ್ ಕೊಡುವಾಗ ಅವ್ರು ನೆನಪಾಗ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದಕ್ಕೆ ಇಟ್ಟಿರೋ ಹೆಸರು ಸಮಯದ ಕುರುಡು. ಲ್ಯಾಬಲ್ಲಿ ಇದನ್ನ ಅಳೆಯೋ ಒಂದು ರೀತಿ ಇದೆ, ಒಂದು ಬಲ್ಬು ಇಷ್ಟು ಸೆಕೆಂಡು ಹತ್ತಿ ಆರುತ್ತೆ, ನೀವೂ ಅಷ್ಟೇ ಹೊತ್ತು ಬಟನ್ ಒತ್ತಿ ತೋರಿಸ್ಬೇಕು. ಎಡಿಎಚ್‌ಡಿ ಇರೋ ಮಕ್ಕಳು ಸರಾಸರಿ ಜಾಸ್ತಿ ತಪ್ಪಿದ್ರು, ಹೊತ್ತು ಉದ್ದ ಆದಷ್ಟೂ ತಪ್ಪೂ ದೊಡ್ಡದಾಯ್ತು. ಸರಾಸರಿ ಅನ್ನೋ ಮಾತು ಮರೀಬೇಡಿ, ಪ್ರತಿಯೊಬ್ರಿಗೂ ಹೀಗೇ ಅಂತಲ್ಲ. ಇನ್ನೊಂದು, ಡಾಕ್ಟರುಗಳು ನೋಡೋ 18 ಲಕ್ಷಣಗಳ ಪಟ್ಟೀಲಿ ಸಮಯದ ಕುರುಡು ಅಂತ ಬೇರೆ ಲಕ್ಷಣ ಇಲ್ಲ, ಕೆಲಸ ಜೋಡಿಸ್ಕೊಳ್ಳೋಕೆ ಕಷ್ಟ ಅನ್ನೋದರ ಹೊಟ್ಟೆಯೊಳಗೆ ಅದು ಅಡಗಿದೆ. ಹಾಗಾಗಿ ಲೇಟಾಗಿ ಬರೋರೆಲ್ಲ ನಂಗೆ ಎಡಿಎಚ್‌ಡಿ ಅಂತ ಹೊರಡ್ಬೇಡಿ, ನಮ್ಮ ಕಡೆ ಮದುವೆ ಊಟಕ್ಕೆ ಬಿಟ್ರೆ ಬೇರೆ ಯಾವುದಕ್ಕೂ ಯಾರೂ ಟೈಮಿಗೆ ಬರಲ್ಲ.

ಬಾರ್ಕ್ಲಿಯವರ ಇನ್ನೊಂದು ಮಾತು ನಂಗೆ ನಾಟಿದ್ದು. ಎಡಿಎಚ್‌ಡಿ ಅನ್ನೋದು ಏನು ಮಾಡ್ಬೇಕು ಅಂತ ಗೊತ್ತಿಲ್ಲದ ತೊಂದ್ರೆ ಅಲ್ಲ, ಗೊತ್ತಿರೋದನ್ನ ಆ ಹೊತ್ತಿಗೆ ಆ ಜಾಗದಲ್ಲಿ ಮಾಡೋಕಾಗದ ತೊಂದ್ರೆ ಅನ್ನೋ ಅರ್ಥದಲ್ಲಿ ಹೇಳ್ತಾರೆ. ಅಂದ್ರೆ ಉಪದೇಶ ಕೇಳಿ ಪ್ರಯೋಜನ ಇಲ್ಲ, ಸಹಾಯ ಏನಿದ್ರೂ ಕೆಲಸ ನಡೆಯೋ ಜಾಗದಲ್ಲಿ ಕಣ್ಣ ಮುಂದೆ ಇರ್ಬೇಕು, ತಲೆಯೊಳಗಲ್ಲ. ಇದನ್ನ ಓದಿದಾಗ ನಂಗೆ ಹುತ್ತರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬ, ನೆನಪಾಯ್ತು. ವರ್ಷದಲ್ಲಿ ನಾನು ಒಂದು ಸಲಾನೂ ಲೇಟ್ ಆಗದ ದಿನ ಅಂದ್ರೆ ಅದೇ. ನೆರೆ (ಎಲೆಗಳ ಕಟ್ಟು) ಕಟ್ಟೋದು ಎಷ್ಟೊತ್ತಿಗೆ, ಕದಿರು ತೆಗೆಯೋದು ಎಷ್ಟೊತ್ತಿಗೆ ಅಂತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯ ಆಗಿ ಪೇಪರಲ್ಲೂ ಬಂದಿರುತ್ತೆ, ಮನೆ ಜನ ಎಲ್ಲ ಒಟ್ಟಿಗೆ ಗದ್ದೆಗೆ ಹೊರಡ್ತಾರೆ, ಗುಂಡಿನ ಸದ್ದು ಕೇಳುತ್ತೆ, ಇಡೀ ಊರೇ ಗಡಿಯಾರ. ತಲಕಾವೇರಿ ತೀರ್ಥೋದ್ಭವಾನೂ ಹಾಗೇ, ತುಲಾ ಸಂಕ್ರಮಣದ ಇಂತಿಷ್ಟು ಗಂಟೆ ಇಂತಿಷ್ಟು ನಿಮಿಷ ಅಂತ ಹೇಳ್ಬಿಟ್ಟಿರ್ತಾರೆ. ಆ ದಿನಗಳಲ್ಲಿ ಹೊತ್ತನ್ನ ನಾನು ತಲೇಲಿ ಹೊತ್ಕೊಂಡು ತಿರುಗ್ಬೇಕಾಗಿಲ್ಲ. ಮಿಕ್ಕ ಮುನ್ನೂರ ಅರವತ್ಮೂರು ದಿನದ ಕಥೆ ಬೇರೆ.

ಹಾಗಾಗಿ ತರಿಸ್ದೆ. ಮೊದಲ ಮೂರು ವಾರ ಹಬ್ಬ. ಅಡುಗೆಮನೆ ಕಟ್ಟೆ ಮೇಲೆ ಇಟ್ಕೊಂಡು ಹಾಲಿಗೆ 12 ನಿಮಿಷ, ರೂಮ್ ಕ್ಲೀನಿಂಗ್‌ಗೆ 40, ಮಗನ ಸ್ನಾನಕ್ಕೆ 15, ಮೊಬೈಲಿಗೆ 10. ಕೆಂಪು ಸಣ್ಣ ಆಗ್ತಾ ಬರೋದು ಕಣ್ಣಂಚಲ್ಲಿ ಕಾಣ್ತಾ ಇರುತ್ತಲ್ಲ, ಅದೇ ಇದರ ಜೀವಾಳ. ಮೊಬೈಲ್ ಟೈಮರ್ ಹೀಗಲ್ಲ, ಅದು ಕೊನೇಲಿ ಕಿರುಚುತ್ತೆ ಅಷ್ಟೇ, ಅಲ್ಲಿವರೆಗೆ ಎಷ್ಟು ಹೋಯ್ತು ಎಷ್ಟಿದೆ ಅಂತ ನೋಡೋಕೆ ಫೋನ್ ಎತ್ಕೋಬೇಕು, ಎತ್ಕೊಂಡ್ರೆ ವಾಟ್ಸಾಪ್, ಆಮೇಲೆ ಯಾರದ್ದೋ ಗೃಹಪ್ರವೇಶದ ವಿಡಿಯೋ, ಆಮೇಲೆ ಕತ್ಲೆ. ಜೊತೆಗೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದ್ರೆ ಎರಡು ದಿನ ಬರದೇ ಇರೋದೂ ಉಂಟು, ಫೋನ್ ಚಾರ್ಜನ್ನ ಟೈಮರ್‌ಗೆ ಖರ್ಚು ಮಾಡೋಕಾಗಲ್ಲ.

ನಾಲ್ಕನೇ ವಾರ ಟೈಮರ್ ಸತ್ತೋಯ್ತು. ಸೆಲ್ ಅಲ್ಲ, ನನ್ನ ಕಣ್ಣಿಗೆ. ಕಟ್ಟೆ ಮೇಲೇ ಇತ್ತು, ಉಪ್ಪಿನ ಭರಣಿ ಪಕ್ಕದಲ್ಲಿ, ಆದ್ರೆ ಉಪ್ಪಿನ ಭರಣಿ ಎಷ್ಟು ಕಾಣುತ್ತೋ ಅದೂ ಅಷ್ಟೇ ಕಾಣ್ತಿತ್ತು. ಯಾವ ರಿವ್ಯೂಲೂ ಇದನ್ನ ಯಾರೂ ಬರೆಯಲ್ಲ, ಎಲ್ಲರೂ ಮೂರನೇ ದಿನಕ್ಕೇ ಐದು ಸ್ಟಾರ್ ಒತ್ತಿ ಹೋಗಿರ್ತಾರೆ. ಹೊಸ ಡೈರಿ, ಹೊಸ ಆ್ಯಪ್, ಹೊಸ ಬಣ್ಣದ ಚೀಟಿ ಎಲ್ಲದರ ಗತಿನೂ ನಮ್ಮಂಥವ್ರ ಮನೇಲಿ ಇದೇ. ಇನ್ನೂ ಮುಖ್ಯ ಅಂದ್ರೆ ಈ ವಸ್ತು ಕೆಲಸ ಮಾಡ್ಬೇಕಾದ್ರೆ ಯಾರಾದ್ರೂ ನೆನಪಿಟ್ಟು ತಿರುಗಿಸ್ಬೇಕು, ನೆನಪಿಟ್ಟು ತಿರುಗಿಸೋಕೆ ಆಗ್ತಿದ್ರೆ ನಂಗೆ ಈ ವಸ್ತು ಯಾಕೆ ಬೇಕಿತ್ತು! ಕೀಲಿಕೈ ಬೀಗದ ಒಳಗಡೆ ಸಿಕ್ಕಿಹಾಕಿಕೊಂಡ ಹಾಗೆ. ಒಂದು ಸ್ಟಾರ್ ಕಟ್ ಆಗಿದ್ದು ಇಲ್ಲೇ, ಡಬ್ಬಿ ಮೇಲೆ ಇದನ್ನ ಎಲ್ಲೂ ಬರೆದಿಲ್ಲ.

ಮತ್ತೆ ಜೀವ ಬಂದಿದ್ದು ಡಾಕ್ಟರ್ ಕಳಿಸಿದ ಒಬ್ಬ ಥೆರಪಿಸ್ಟ್ ಹೇಳಿದ್ಮೇಲೆ. ದೊಡ್ಡೋರ ಎಡಿಎಚ್‌ಡಿಗೆ ಅಂತಾನೇ ಒಂದು ಥರದ ಸಿಬಿಟಿ, ಅಂದ್ರೆ ಯೋಚನೆ ಅಭ್ಯಾಸ ತಿದ್ದೋ ಮಾತಿನ ಚಿಕಿತ್ಸೆ, ಇದೆ, 2010ರಲ್ಲಿ ಸ್ಟೀವನ್ ಸ್ಯಾಫ್ರನ್ ಮತ್ತು ಜೊತೆಯವ್ರು ಮಾತ್ರೆ ತಗೊಳ್ತಿದ್ರೂ ತೊಂದ್ರೆ ಉಳಿದಿದ್ದ 86 ಜನರ ಮೇಲೆ ಅದನ್ನ ಪರೀಕ್ಷೆ ಮಾಡಿದ್ರು, ಬರೀ ರಿಲ್ಯಾಕ್ಸೇಶನ್ ಕಲಿತವ್ರಿಗಿಂತ ಇವ್ರಿಗೆ ಚೆನ್ನಾಗಿ ಕಮ್ಮಿ ಆಯ್ತು. ಅದರಲ್ಲಿ ಬಹಳ ಸರಳವಾದ ಒಂದು ಅಭ್ಯಾಸ. ಮೊದ್ಲು ಬೇಜಾರಿನ ಕೆಲಸವೊಂದನ್ನ ಇಟ್ಕೊಂಡು ನೀವು ನಿಜವಾಗ್ಲೂ ಎಷ್ಟು ಹೊತ್ತು ಕೂರ್ತೀರ ಅಂತ ಅಳೀರಿ. ನಾನು ಜಿಎಸ್‌ಟಿ ಬಿಲ್ ಜೋಡ್ಸೋಕೆ ಕೂತು ಅಳೆದೆ, ಒಂಬತ್ತು ನಿಮಿಷ. ಒಂಬತ್ತು! ಬಿ.ಕಾಂ ಓದಿದವಳು. ಸರಿ, ಹಾಗಾದ್ರೆ ಟೈಮರ್ ಒಂಬತ್ತಕ್ಕೆ ಇಡಿ, ಕೆಲಸವನ್ನೂ ಒಂಬತ್ತು ನಿಮಿಷದ ತುಂಡಾಗಿ ಕತ್ತರಿಸಿ. ಮಧ್ಯ ತಲೇಲಿ ಏನಾದ್ರೂ ಹೊಳೆದ್ರೆ, ಗ್ಯಾಸ್ ಬುಕ್ ಮಾಡ್ಬೇಕು, ಕರೆಂಟ್ ಬಿಲ್ಲು, ಅಕ್ಕನಿಗೆ ಫೋನು, ಎದ್ದು ಹೋಗ್ಬೇಡಿ, ಪಕ್ಕದ ಪುಸ್ತಕದಲ್ಲಿ ಗೀಚಿಡಿ, ಕೆಂಪು ಮುಗಿದ ಮೇಲೆ ನೋಡಿ ಇದು ಈಗ್ಲೇ ಬೇಕಾ ಅಂತ. ಹತ್ತರಲ್ಲಿ ಎಂಟು ಬೇಕಾಗಿರಲ್ಲ. ಈಗ ನಾನು 20 ನಿಮಿಷ ಕೂರ್ತೀನಿ, ಒಳ್ಳೆ ದಿನ 25.

ಇನ್ನೊಂದು, ಟೈಮರನ್ನ ಕೆಲಸಕ್ಕೆ ಅಂತ ಇಡದೆ ಜಾಗಕ್ಕೆ ಅಂತ ಕಟ್ಟಿದ್ವಿ. ಲೆಕ್ಕದ ಮೇಜಿನ ಮೇಲೆ ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಅದಕ್ಕೇ ಸಿಕ್ಕಿಸಿದ್ದೀನಿ, ಪುಸ್ತಕ ತೆಗೀಬೇಕಂದ್ರೆ ಟೈಮರನ್ನ ಕೈಲಿ ಹಿಡೀಲೇಬೇಕು. ನೋಡೋಕೆ ಪೆಚ್ಚು, ಆದ್ರೆ ನಡೀತಿದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ಬಿಡ್ತೀನಿ, ಯಾಕಂದ್ರೆ ಮಾರೋ ಪುಟದಲ್ಲಿ ಎಡಿಎಚ್‌ಡಿಗೆ ಔಷಧಿ ಬೇಡ, ಇದು ಸಾಕು ಅನ್ನೋ ಧಾಟೀಲಿ ಬರೆದಿದ್ದಾರೆ. ಶುದ್ಧ ಸುಳ್ಳು. ಕೆಂಪು ತಟ್ಟೆ ಊರುಗೋಲು, ಕಾಲಲ್ಲ. ಇದುವರೆಗಿನ ಪರೀಕ್ಷೆಗಳಲ್ಲಿ ಲಕ್ಷಣ ಕಮ್ಮಿ ಮಾಡೋದ್ರಲ್ಲಿ ಗಟ್ಟಿ ಪುರಾವೆ ಇರೋದು ಮಾತ್ರೆಗಳಿಗೇ. 2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ 133 ಪ್ರಯೋಗಗಳ ಒಟ್ಟು ಲೆಕ್ಕದಲ್ಲಿ, ಪರಿಣಾಮ ಮತ್ತೆ ತಡ್ಕೊಳ್ಳೋ ಶಕ್ತಿ ಎರಡನ್ನೂ ನೋಡಿ, ಮಕ್ಕಳಿಗೆ ಮೊದಲ ಆಯ್ಕೆ ಮೀಥೈಲ್‌ಫೆನಿಡೇಟ್ ಅಂತ ಬಂತು, ದೊಡ್ಡೋರಿಗೆ ಆ್ಯಂಫೆಟಮಿನ್ ಗುಂಪಿನವು. ಆ ಲೆಕ್ಕ ಮುಖ್ಯವಾಗಿ ಮೊದಲ ಕೆಲವು ವಾರಗಳದ್ದು ಅನ್ನೋದನ್ನೂ ಸೇರಿಸಿ ಓದ್ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಕೊಡೋದು ಮೀಥೈಲ್‌ಫೆನಿಡೇಟ್ ಇಲ್ಲಾ ಅಟೊಮಾಕ್ಸೆಟಿನ್. ಮೊದಲನೇದು ಶೆಡ್ಯೂಲ್ ಎಕ್ಸ್ ಔಷಧಿ, ಅದಕ್ಕೆ ಬೇರೆ ಲೈಸೆನ್ಸ್ ಇರೋ ಅಂಗಡೀಲಿ ಮಾತ್ರ ಸಿಗುತ್ತೆ, ಚೀಟಿಯ ಒಂದು ಪ್ರತಿ ಅವ್ರು ಎರಡು ವರ್ಷ ಇಟ್ಕೋಬೇಕು. ಹಾಗಾಗಿ ನಾವು ಮೈಸೂರಿಗೇ ಹೋಗಿ ತರ್ತೀವಿ, ಜಿಲ್ಲೆಗೆ ರೈಲೂ ಇಲ್ಲ, ಬಸ್ಸಲ್ಲಿ ಇಡೀ ದಿನ ಹೋಗುತ್ತೆ. ವಿಚಿತ್ರ ನೋಡಿ, ಮರೆವು ಇರೋರಿಗೆ ಕೊಡೋ ಮಾತ್ರೆ ಮುಗಿಯೋಕೆ ಮುಂಚೆ ನೆನಪಿಟ್ಟು ಅಪಾಯಿಂಟ್‌ಮೆಂಟ್ ತಗೊಂಡು ಕಾಗದ ಮರೀದೆ ನೂರು ಕಿಲೋಮೀಟರ್ ಹೋಗ್ಬೇಕು.

ಮಾತ್ರೆಗೆ ತೊಂದ್ರೆನೇ ಇಲ್ಲ ಅಂತ ಅಲ್ಲ. ಮಗನಿಗೆ ಮಧ್ಯಾಹ್ನದ ಊಟ ಸೇರಲ್ಲ, ಅದಕ್ಕೆ ಬೆಳಗ್ಗೆ ಮಾತ್ರೆಗೆ ಮುಂಚೆ ಗಟ್ಟಿ ತಿಂಡಿ, ರಾತ್ರಿ ಮತ್ತೆ ಊಟ, ಮೂರು ತಿಂಗಳಿಗೊಮ್ಮೆ ತೂಕ ಎತ್ತರ. ನಂಗೆ ನಾಡಿ ಬಿಪಿ ನೋಡ್ತಾರೆ. ಇನ್ನು ಡ್ರೈವಿಂಗ್ ವಿಷಯ ನಮ್ಮ ಯಜಮಾನ್ರಿಗೆ ಒಪ್ಪಿಗೆ ಆಗಿದ್ದು. ಅಮೆರಿಕದಲ್ಲಿ ಎಡಿಎಚ್‌ಡಿ ಇರೋ 23 ಲಕ್ಷ ಜನರ ವಿಮೆ ದಾಖಲೆ ನೋಡಿದ 2017ರ ಅಧ್ಯಯನದಲ್ಲಿ, ಔಷಧಿ ತಗೊಂಡ ತಿಂಗಳುಗಳಲ್ಲಿ ಅದೇ ಜನಕ್ಕೆ ವಾಹನ ಅಪಘಾತದ ಅಪಾಯ ಗಂಡಸರಲ್ಲಿ 38%, ಹೆಂಗಸರಲ್ಲಿ 42% ಕಮ್ಮಿ ಇತ್ತು. ಬೋಯಿಕೇರಿ ತಿರುವುಗಳಲ್ಲಿ ನಾನು ಓಡ್ಸುವಾಗ ಬಾಗಿಲಿನ ಹಿಡಿ ಹಿಡ್ಕೊಂಡು ಕೂರ್ತಿದ್ದ ಮನುಷ್ಯ, ಅದನ್ನ ಓದಿ "ಮಾತ್ರೆ ತಗೊಂಡ್ಯಾ" ಅಂತ ಕೇಳೋದನ್ನ ಕೀ ಕೊಡೋ ಮುಂಚಿನ ಶಾಸ್ತ್ರ ಮಾಡ್ಕೊಂಡಿದ್ದಾರೆ.

ಅತ್ತೆಗೆ ಇದೆಲ್ಲ ಬೇಜಾರು. "ನಮ್ಮ ಕಾಲದಲ್ಲಿ ಈ ಕಾಯಿಲೆ ಎಲ್ಲಿತ್ತು, ಬೆಲ್ಲ ಕಮ್ಮಿ ಕೊಡು, ಸರಿ ಹೋಗ್ತಾನೆ." ಬೆಲ್ಲ ಸಕ್ಕರೆ ವಿಷಯ 1995ರಲ್ಲೇ ಇತ್ಯರ್ಥ ಆಗಿದೆ ಅತ್ತೆ, ಮಕ್ಕಳಿಗೂ ಅಪ್ಪ ಅಮ್ಮಂಗೂ ಯಾವುದರಲ್ಲಿ ಸಕ್ಕರೆ ಇದೆ ಅಂತ ಗೊತ್ತಾಗದ ಹಾಗೆ ಕೊಟ್ಟು ನೋಡಿದ ಪ್ರಯೋಗಗಳನ್ನೆಲ್ಲ ಸೇರಿಸಿದ್ರೂ ನಡತೆಯಲ್ಲಿ ವ್ಯತ್ಯಾಸ ಕಾಣ್ಲಿಲ್ಲ ಅಂದೆ. ಇಂಗ್ಲೆಂಡಿನ ಡಾಕ್ಟರ್ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಭಾಷಣ ಮಾಡಿದ್ದು 1902ರಲ್ಲಿ, ಆಗ ನಿಮ್ಮಜ್ಜಿನೂ ಹುಟ್ಟಿರಲಿಲ್ವೇನೋ ಅಂದೆ. ಅತ್ತೆ ಸುಮ್ನೆ ನಮ್ಮ ಚಿಕ್ಕ ಮಾವನ ಕಥೆ ಶುರು ಮಾಡಿದ್ರು, ನಾಲ್ಕು ಸಲ ಛತ್ರಿ ಬಸ್ಸಲ್ಲಿ ಬಿಟ್ಟು, ಮೂರು ಕೆಲಸ ಬಿಟ್ಟು, ಮಡಿಕೇರಿ ಸಂತೆಗೆ ಹೋಗಿ ಏನು ತರೋಕೆ ಬಂದೆ ಅಂತ ಮರೆತು ಬರೀ ಬಾಳೆಗೊನೆ ತಂದವ್ರು. "ಅವನು ಉದಾಸೀನದವ್ನು, ಅಷ್ಟೇ" ಅಂದ್ರು. ಹೇಳಿ ಮುಗ್ಸಿ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡಿದಾಗ ಮೊಮ್ಮಗನಿಗೆ ಎರಡು ಸೌಟು ಜಾಸ್ತಿ ಹಾಕಿದ್ರು, ಹಾಕ್ಲಿ, ರುಚಿಗೇನು ಕಮ್ಮಿ ಇಲ್ಲ, ನೇರಳೆ ಬಣ್ಣ ಬೇರೆ.

ಮಗನ ಕಡೆ ಟೈಮರ್ ಚೆನ್ನಾಗಿ ನಡೀತು, ನನಗಿಂತ ಚೆನ್ನಾಗಿ. ಮುಂಚೆ "ಐದು ನಿಮಿಷದಲ್ಲಿ ಟಿವಿ ಆಫ್" ಅಂದ್ರೆ ಅದು ನನ್ನ ಬಾಯಿಂದ ಬಂದ ಮಾತು, ಜಗಳಕ್ಕೆ ಆಹ್ವಾನ. ಈಗ ಆಫ್ ಮಾಡ್ಸೋದು ನಾನಲ್ಲ, ಕೆಂಪು. ಕೆಂಪಿನ ಜೊತೆ ಜಗಳ ಆಡೋಕಾಗಲ್ಲ. ಒಮ್ಮೆ ಆಡಿದ್ದಾನೆ, ನಾನು ಆಕಡೆ ಹೋದಾಗ ತಿರುಗಣೆ ಹಿಂದಕ್ಕೆ ತಿರುಗಿಸಿ ಹತ್ತು ನಿಮಿಷ ಜಾಸ್ತಿ ಮಾಡ್ಕೊಂಡಿದ್ದ, ಬುದ್ಧಿಗೇನು ಕೊರತೆ. ಅವನ ಸ್ಕೂಲಲ್ಲಿ ಒಬ್ರು ಟೀಚರ್ "ಒಂಬತ್ತು ವರ್ಷದೋನು ಆರು ವರ್ಷದೋನ ಥರ ಆಡ್ತಾನೆ" ಅಂತ ಡೈರೀಲಿ ಬರೆದಿದ್ರು. ಬೇಜಾರಾಗಿತ್ತು. ಆಮೇಲೆ ಫಿಲಿಪ್ ಶಾ ಅನ್ನೋರ 2007ರ ಅಧ್ಯಯನ ಓದಿದೆ, 223 ಎಡಿಎಚ್‌ಡಿ ಮಕ್ಕಳು, ಅಷ್ಟೇ ಸಂಖ್ಯೆಯ ಬೇರೆ ಮಕ್ಕಳು, ಮೆದುಳಿನ ಹೊರಪದರ ಅತಿ ದಪ್ಪ ಆಗೋ ವಯಸ್ಸು ಬೇರೆ ಮಕ್ಕಳಲ್ಲಿ ಮಧ್ಯಮ ಲೆಕ್ಕಕ್ಕೆ 7.5 ವರ್ಷ, ಇವ್ರಲ್ಲಿ 10.5. ದಾರಿ ಅದೇ, ಬರೋದು ತಡ. ಹಾಗಂತ ಸ್ಕ್ಯಾನ್ ಮಾಡಿ ಯಾರಿಗೂ ಎಡಿಎಚ್‌ಡಿ ಇದೆ ಇಲ್ಲ ಅಂತ ಹೇಳೋಕಾಗಲ್ಲ, ಇದು ಗುಂಪಿನ ಲೆಕ್ಕ, ಯಾರಾದ್ರೂ ಸ್ಕ್ಯಾನ್ ಮಾಡಿ ಕಂಡುಹಿಡೀತೀವಿ ಅಂತ ದುಡ್ಡು ಕೇಳಿದ್ರೆ ಎದ್ದು ಬನ್ನಿ. ರಕ್ತದಲ್ಲಿ ಡೋಪಮೈನ್ (ಮೆದುಳಲ್ಲಿ ಸುದ್ದಿ ಮುಟ್ಟಿಸೋ ಒಂದು ರಾಸಾಯನಿಕ) ನೋಡ್ತೀವಿ ಅಂದ್ರೂ ಅಷ್ಟೇ. 2009ರಲ್ಲಿ ನೋರಾ ವೋಲ್ಕೋವ್ ತಂಡ ಔಷಧಿ ತಗೊಳ್ಳದ 53 ಜನ, ಎಡಿಎಚ್‌ಡಿ ಇಲ್ಲದ 44 ಜನರ ಮೆದುಳನ್ನ ಪಿಇಟಿ ಸ್ಕ್ಯಾನಲ್ಲಿ ನೋಡಿ, ಬಹುಮಾನ ಸಿಕ್ಕಾಗ ಕೆಲಸ ಮಾಡೋ ಭಾಗದಲ್ಲಿ ಡೋಪಮೈನ್ ಗುರುತುಗಳು ಸರಾಸರಿ ಕಮ್ಮಿ ಅಂತ ಕಂಡಿದ್ದು ನಿಜ. ಅದನ್ನ ಹಿಡ್ಕೊಂಡು ರೀಲ್ಸಲ್ಲಿ ಮೂರು ಹೊತ್ತೂ ಡೋಪಮೈನ್ ಕೊರತೆ ಅಂತ ಬಡ್ಕೊಳ್ಳೋರು ಆ ಪೇಪರ್ ಓದಿರೋದು ಡೌಟು.

ಡಯಾಗ್ನೋಸಿಸ್ ಹೇಗೆ ಆಯ್ತು ಅಂತ ತುಂಬ ಜನ ಕೇಳ್ತಾರೆ, ಚಿಕ್ಕದಾಗಿ ಹೇಳ್ತೀನಿ. ಮೊದ್ಲು ಹೋದ ಒಬ್ರು ಡಾಕ್ಟರ್ "ಫಸ್ಟ್ ಕ್ಲಾಸಲ್ಲಿ ಪಾಸಾಗಿದ್ದೀರಿ, ಮನೆ ನಡೆಸ್ತೀರಿ, ಎಂಥ ಎಡಿಎಚ್‌ಡಿ" ಅಂತ ಕಳ್ಸಿದ್ರು. ಆ ಫಸ್ಟ್ ಕ್ಲಾಸ್ ಹಿಂದೆ ಪರೀಕ್ಷೆ ಹಿಂದಿನ ಎಷ್ಟು ರಾತ್ರಿಗಳಿವೆ ಅಂತ ಅವ್ರು ಕೇಳ್ಲಿಲ್ಲ. ಎರಡನೆಯೋರು ಒಂದೂವರೆ ಗಂಟೆ ಮಾತಾಡಿದ್ರು, ಅಮ್ಮನ ಹತ್ರ ಫೋನಲ್ಲಿ ಕೇಳಿದ್ರು, ಹಳೇ ಮಾರ್ಕ್ಸ್ ಕಾರ್ಡ್ ತರ್ಸಿದ್ರು, ನಾಲ್ಕನೇ ಕ್ಲಾಸಿನ ಷರಾದಲ್ಲಿ "ಚುರುಕು, ಆದರೆ ಗಮನವಿಲ್ಲ" ಅಂತ ಇತ್ತು. ಲಕ್ಷಣಗಳು 12 ವರ್ಷಕ್ಕೆ ಮುಂಚೆನೇ ಕಾಣಿಸ್ಕೊಂಡಿರ್ಬೇಕು, ಒಂದಕ್ಕಿಂತ ಹೆಚ್ಚು ಕಡೆ ತೊಂದ್ರೆ ಕೊಡ್ತಿರ್ಬೇಕು, ದೊಡ್ಡೋರಾದ್ರೆ ಒಂಬತ್ತೊಂಬತ್ತು ಲಕ್ಷಣದ ಎರಡು ಗುಂಪಲ್ಲಿ (ಗಮನದ್ದೊಂದು, ಚಡಪಡಿಕೆ ಆತುರದ್ದೊಂದು) ಒಂದರಲ್ಲಾದ್ರೂ ಐದು ಇರ್ಬೇಕು, ಅದಕ್ಕೆ. ಥೈರಾಯ್ಡ್, ನಿದ್ದೆ, ಖಿನ್ನತೆ ಎಲ್ಲ ನೋಡಿದ್ರು, ಇವೂ ಹೀಗೇ ಕಾಣ್ತವೆ. ಆನ್‌ಲೈನಲ್ಲಿ ಸಿಗೋ ಆರು ಪ್ರಶ್ನೆಯ ಫಾರಂ ಡಾಕ್ಟರ್ ಹತ್ರ ಹೋಗ್ಬೇಕಾ ಬೇಡ್ವಾ ಅಂತ ತಿಳ್ಕೊಳ್ಳೋಕೆ ಮಾತ್ರ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಬಹುದು, ಕಾಸು ಕೊಡೋದಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕಾಫಿ ಕುಡಿದ್ರೆ ಸಾಲದಾ ಅಂತ ಕೇಳೋರಿಗೂ ಉತ್ತರ ಕೊಟ್ಬಿಡ್ತೀನಿ, ಕಾಫಿ ಬೆಳೆಯೋ ಮನೆಯವಳಾಗಿ. ಇಲ್ಲ. ದಿನಕ್ಕೆ ಆರು ಲೋಟ ಕುಡೀತಿದ್ದೆ, ಕೈ ನಡುಗೋದು ಮಾತ್ರ ಟೈಮಿಗೆ ಸರಿಯಾಗಿ ಆಗ್ತಿತ್ತು. ಕೆಫೀನು ಔಷಧಿಯ ಜಾಗಕ್ಕೆ ಬರಲ್ಲ.

ಇನ್ನು ವಸ್ತುವಿನ ದೋಷ. ಜುಲೈ ಮಳೇಲಿ ಇದು ನಮ್ಮ ಕೊಡಗಿನ ತೇವಕ್ಕೆ ತಡೀಲಿಲ್ಲ. ಕೆಂಪು ತಟ್ಟೆ ಪ್ಲಾಸ್ಟಿಕ್ ಮುಖಕ್ಕೆ ಅಂಟಿಕೊಂಡು 23ರಲ್ಲಿ ನಿಂತ್ಬಿಡ್ತು, ನಾನು ಪೆದ್ದಿ ಥರ ಇನ್ನೂ ಇಪ್ಪತ್ಮೂರು ನಿಮಿಷ ಇದೆ ಅಂತ ಅರ್ಧ ಗಂಟೆ ನಂಬಿಕೊಂಡು ಕೂತಿದ್ದೆ, ಅನ್ನ ಸೀದೋಯ್ತು. ಸೆಲ್ ಹಾಕೋ ಜಾಗದ ಸ್ಪ್ರಿಂಗಿಗೆ ಹಸಿರು ಕಿಲುಬು. ಮಾರಿದೋರಿಗೆ ಮೂರು ಸಲ ಬರೆದೆ, ಮೂರು ಸಲವೂ ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ ಬಂತು. ಕೊನೆಗೆ ಸ್ಪ್ರಿಂಗನ್ನ ವಿನೆಗರಲ್ಲಿ ಉಜ್ಜಿ, ಎರಡು ದಿನ ಅಕ್ಕಿ ಡಬ್ಬೀಲಿ ಹೂತಿಟ್ಟು ಬದುಕಿಸಿದ್ವಿ. ಮಳೆಗಾಲದ ಆ ವಾರಗಳಿಗೆ ಅಂತ ಕುಶಾಲನಗರದ ಪಾತ್ರೆ ಅಂಗಡೀಲಿ 350ಕ್ಕೆ ಕೀ ಕೊಡೋ ಅಡುಗೆ ಟೈಮರ್ ತಗೊಂಡೆ, ಸೆಲ್ ಬೇಡ, ಕಿಲುಬು ಇಲ್ಲ, ಆದ್ರೆ ಟಕ ಟಕ ಟಕ ಸದ್ದಿಗೆ ಮಗ ಓದೋದೇ ಬಿಟ್ಟ. ಕೆಂಪು ತಟ್ಟೆಗೆ ಸದ್ದಿಲ್ಲ, ಅದು ದೊಡ್ಡ ಪ್ಲಸ್. ಇನ್ನೊಂದು ಮೈನಸ್, 60 ನಿಮಿಷಕ್ಕಿಂತ ಜಾಸ್ತಿ ಇಡೋಕಾಗಲ್ಲ, ಹೂವಿಗೆ ನೀರು ಹಾಯ್ಸುವಾಗ ಸ್ಪ್ರಿಂಕ್ಲರ್ ಪೈಪ್ ಬದಲಾಯ್ಸೋಕೆ ಇದು ಪ್ರಯೋಜನ ಇಲ್ಲ.

ಆದ್ರೆ ಕಣಕ್ಕೆ ಸರಿಹೋಗುತ್ತೆ. ಈಗ ಕಾಫಿ ಒಣಗೋ ಕಾಲ, ಕಣದಲ್ಲಿ ಹರಡಿದ ಹಣ್ಣನ್ನ ಗಂಟೆಗೊಮ್ಮೆ ಕೈಯಾಡಿಸ್ಬೇಕು, ಇಲ್ದಿದ್ರೆ ಅಡಿ ಬೂಷ್ಟು ಬರುತ್ತೆ. ಭಾನುವಾರ ಆ ಕೆಲಸ ಮಗನದ್ದು, ಮೋಟುಗೋಡೆ ಮೇಲೆ ಟೈಮರ್ ಇಟ್ಕೊಂಡು ಕೂರ್ತಾನೆ. ಮೊನ್ನೆ ಕಣ ನೋಡ್ಕೊಳ್ಳೋ ಅಕ್ಕನಿಗೆ ಜಂಬದಿಂದ ತೋರಿಸ್ದ, ಇದು ಖಾಲಿ ಆದ್ರೆ ಒಂದು ಗಂಟೆ ಅಂತ. ಅಕ್ಕ ಬಗ್ಗಿ ನೋಡಿ, "ಅದಕ್ಕೆ ಡಬ್ಬಿ ಯಾಕಪ್ಪ, ಆ ಸಿಲ್ವರ್ ಓಕ್ ನೆರಳು ಈ ಗೆರೆ ದಾಟಿದ್ರೆ ಒಂದು ಸಲ, ತೊಟ್ಟಿ ಮುಟ್ಟಿದ್ರೆ ಇನ್ನೊಂದು ಸಲ" ಅಂದ್ಳು. ನೋಡಿದ್ರೆ ಕಣದ ಸಿಮೆಂಟ್ ಮೇಲೆ ಇದ್ದಿಲಲ್ಲಿ ಎಳೆದ ಗೆರೆಗಳು, ಹತ್ತು ವರ್ಷದಿಂದ ನಾನು ಅದರ ಮೇಲೇ ಓಡಾಡ್ತಿದ್ದೀನಿ. ಅಕ್ಕನ ಟೈಮರಿಗೆ ಸೆಲ್ಲೂ ಬೇಡ, ಮೋಡ ಇಲ್ದಿದ್ರೆ ಸಾಕು.

ತಗೋಬಹುದಾ ಅಂದ್ರೆ, ಹತ್ತು ವರ್ಷದ ಒಳಗಿನ ಮಕ್ಕಳಿರೋ ಮನೇಲಿ ಕಣ್ಣುಮುಚ್ಚಿ ತಗೊಳ್ಳಿ. ದೊಡ್ಡೋರಾದ್ರೆ ಎಲ್ಲಿ ಕಟ್ಟಿಡ್ತೀರ ಅಂತ ಮೊದ್ಲು ಜಾಗ ನೋಡ್ಕೊಂಡು ಆಮೇಲೆ ತಗೊಳ್ಳಿ. ಘಟ್ಟದ ಮೇಲಿನೋರು ಸೆಲ್ ತೆಗೆದು ಮಳೆಗಾಲ ಪೂರ್ತಿ ಅಕ್ಕಿ ಡಬ್ಬೀಲಿ ಇಡಿ. ನಮ್ಮನೇಲಿ ಒಂದಕ್ಕೆ ನಾವಿಬ್ರೂ ಕಿತ್ತಾಡ್ತೀವಿ ಅಂತ ಇನ್ನೊಂದು ತರ್ಸೋದು ಅಂತ ದೀಪಾವಳಿ ಹೊತ್ತಿಗೇ ತೀರ್ಮಾನ ಆಗಿದೆ, ಕಾರ್ಟಲ್ಲೇ ಇದೆ, ಆರ್ಡರ್ ಒತ್ತಬೇಕು.